ಮಣಿಪಾಲದಲ್ಲಿ ಹಳೆ ಮನೆಗಳ ಊರು

ಉಡುಪಿಗೆ ಹೋದಾಗಲೆಲ್ಲ ಮಠ, ಮಲ್ಪೆ, ಗೋಳಿಬಜೆ ಅಂತಲೇ ದಿನ ಮುಗಿಯುತ್ತಿತ್ತು. ಈ ಸಲ ಅಮ್ಮನನ್ನು ಕರೆದುಕೊಂಡು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ ಬಂದೆ. ಬ್ಯಾಂಕ್ ಕೆಲಸದಲ್ಲಿದ್ದ ವಿಜಯನಾಥ ಶೆಣೈ ಅವರು ಹಾಳಾಗಿ ಹೋಗುತ್ತಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು, ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಒಬ್ಬ ಮನುಷ್ಯನ ಹಟ ಅಂದರೆ ಇದೇ ಅಲ್ವಾ?

ಕುಕನೂರಿನ ಕಮಲ ಮಹಲ್ ಚೆಂದ. ಮುಧೋಳದ ದರ್ಬಾರ್ ಹಾಲ್ ನನ್ನ ಕಣ್ಣಿಗೆ ಆಡಂಬರ ಸ್ವಲ್ಪ ಜಾಸ್ತಿ. ನಾನು ಕದಲದೆ ನಿಂತದ್ದು ಮಿಯಾರು ಮನೆಯಲ್ಲಿ. ಒಳಗೆ ಹೋಗುವಾಗ ಬಾಗಿಲಿಗೆ ತಲೆ ಬಡಿಯಿತು, ಬಗ್ಗದ್ದು ನನ್ನದೇ ತಪ್ಪು. ಅಮ್ಮ ಮರದ ಕಂಬ ಸವರುತ್ತಾ, "ಅಜ್ಜಿ ಮನೆಯಲ್ಲೂ ಹೀಗೇ ಇತ್ತು. ನಿನ್ನ ಮಾವ ಸೌದೆ ಬೆಲೆಗೆ ಮಾರಿಬಿಟ್ಟ" ಅಂದರು. ಆಮೇಲೆ ತುಂಬ ಹೊತ್ತು ಮಾತೇ ಆಡಲಿಲ್ಲ.

ಸುಮ್ನೆ ಎರಡು ಫೋಟೊ ಹೊಡೆದು ಬರೋಣ ಅನ್ನುವವರಿಗೆ ಈ ಜಾಗ ಅಲ್ಲ. ಗೈಡ್ ಜೊತೆ ನಿಧಾನವಾಗಿ ನೋಡಬೇಕು. ಅರ್ಧ ದಿನ ಇಟ್ಟುಕೊಳ್ಳಿ, ಸಮಯ ಮೊದಲೇ ಫೋನ್ ಮಾಡಿ ಕೇಳಿ. ಮನೆಯ ಹಿರಿಯರಿದ್ದರೆ ಖಂಡಿತ ಕರೆದುಕೊಂಡು ಹೋಗಿ. ನನಗೆ ಗೈಡ್‌ಗಿಂತ ಅಮ್ಮನೇ ಜಾಸ್ತಿ ವಿವರ ಹೇಳಿದರು.