ಅಗ್ನಿಸುರಕ್ಷಾ ವ್ಯವಸ್ಥೆಗಳ ಪ್ರಾಯೋಗಿಕ ತರಬೇತಿ: ಮೂರು ದಿನಗಳ ಅನುಭವ

ಕಟ್ಟಡ ನಿರ್ವಹಣೆಯ ಕೆಲಸದಲ್ಲಿ ಹಲವು ವರ್ಷ ಕಳೆದಿದ್ದರೂ, ಬೆಂಕಿಯ ಕಾವಿಗೆ ತಾನಾಗಿಯೇ ನೀರು ಸುರಿಸುವ ಸ್ಪ್ರಿಂಕ್ಲರ್ ಒಡೆದು ನೀರು ಚಿಮ್ಮುವುದನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಈ ತರಬೇತಿಯಲ್ಲಿ. ಇಲ್ಲಿನ ಪಂಪ್, ನೀರು ತುಂಬಿದ ಪೈಪುಗಳು, ಅಲಾರಂ ಪ್ಯಾನೆಲ್ ಯಾವುದೂ ಪ್ರದರ್ಶನದ ಗೊಂಬೆಯಲ್ಲ. ಎಲ್ಲವೂ ಕೆಲಸ ಮಾಡುತ್ತವೆ, ಎಲ್ಲವನ್ನೂ ಕಲಿಯುವವರೇ ಮುಟ್ಟಿ ನಡೆಸಬೇಕು.

ಸ್ಪ್ರಿಂಕ್ಲರ್‌ನ ಗಾಜಿನ ಬಲ್ಬಿನೊಳಗಿನ ದ್ರವ ಕೆಂಪಾಗಿದ್ದರೆ ಅದು 68 ಡಿಗ್ರಿ ಸೆಲ್ಸಿಯಸ್‌ಗೆ, ಹಸಿರಾಗಿದ್ದರೆ 93 ಡಿಗ್ರಿಗೆ ಒಡೆಯುತ್ತದೆ. ಒಂದನ್ನು ಮಾತ್ರ ಕಾಯಿಸಿದಾಗ ಅದೊಂದೇ ಒಡೆದು, ಪಕ್ಕದವು ಹಾಗೆಯೇ ಉಳಿದವು. ಒಂದು ಒಡೆದರೆ ಮಹಡಿಯಲ್ಲಿರುವ ಎಲ್ಲವೂ ನೀರು ಸುರಿಸುತ್ತವೆ ಎಂದು ನಂಬಿದ್ದ ನಮ್ಮಲ್ಲಿ ಹಲವರಿಗೆ ಅಷ್ಟೇ ಸಾಕಾಯಿತು.

ಎರಡನೆಯ ದಿನದ ದೋಷ ಹುಡುಕುವ ಅಭ್ಯಾಸವೇ ಇಡೀ ತರಬೇತಿಯ ತಿರುಳು. ತರಬೇತುದಾರರು ನಮಗೆ ತಿಳಿಯದಂತೆ ಮುಖ್ಯ ವಾಲ್ವನ್ನು ಮುಚ್ಚಿ, ವ್ಯವಸ್ಥೆ ಸರಿಯಿದೆಯೇ ಎಂದು ಕೇಳಿದರು. ವಾಲ್ವಿನ ಕೆಳಗಿನ ಗೇಜೂ ಮೇಲಿನ ಗೇಜೂ ಒತ್ತಡ ತೋರಿಸುತ್ತಿದ್ದವು, ಪಂಪ್ ಸಿದ್ಧವಾಗಿತ್ತು. ಆದ್ದರಿಂದ ಸರಿಯಿದೆ ಎಂದೆವು. ಪೈಪಿನ ತುದಿಯ ಪರೀಕ್ಷಾ ವಾಲ್ವನ್ನು ತೆರೆದಾಗ ಸ್ವಲ್ಪ ನೀರು ಚಿಮ್ಮಿ ನಿಂತುಹೋಯಿತು, ಮೇಲಿನ ಗೇಜಿನ ಮುಳ್ಳು ಸೊನ್ನೆಗೆ ಬಿತ್ತು, ಪಂಪ್ ಮಾತ್ರ ಅಲುಗಲಿಲ್ಲ. ಮುಚ್ಚಿದ ವಾಲ್ವಿನ ಮೇಲೆ ಸಿಕ್ಕಿಕೊಂಡಿದ್ದ ನೀರೇ ಅಷ್ಟು ಹೊತ್ತು ನಮ್ಮನ್ನು ಏಮಾರಿಸಿತ್ತು. ಗೇಜು ನೋಡಿ ರಿಜಿಸ್ಟರ್‌ನಲ್ಲಿ ಸಹಿ ಹಾಕುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದು ಆ ಕ್ಷಣದಲ್ಲಿ ಮನಸ್ಸಿಗೆ ತಟ್ಟಿತು.

ಅಲಾರಂ ಪ್ಯಾನೆಲ್‌ನ ಪಾಠವೂ ಚೆನ್ನಾಗಿತ್ತು. ಡಿಟೆಕ್ಟರ್‌ಗಳ ಸಾಲಿನ ಕೊನೆಯಲ್ಲಿರುವ ರೆಸಿಸ್ಟರ್ (ವಿದ್ಯುತ್ ಹರಿವನ್ನು ಮಿತಿಯಲ್ಲಿಡುವ ಪುಟ್ಟ ಬಿಡಿಭಾಗ) ಮೂಲಕ ಸದಾ ಸ್ವಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ತಂತಿ ತುಂಡಾದರೆ ಆ ಹರಿವು ನಿಂತು ದೋಷದ ದೀಪ ಹೊತ್ತುತ್ತದೆ, ಡಿಟೆಕ್ಟರ್ ಹೊಗೆಯನ್ನು ಗುರುತಿಸಿದರೆ ಹರಿವು ಹೆಚ್ಚಿ ಬೆಂಕಿಯ ಗಂಟೆ ಬಾರಿಸುತ್ತದೆ. ತಂತಿಯನ್ನು ನಾವೇ ಕಳಚಿ ನೋಡಿದ ಮೇಲೆ ದೋಷದ ದೀಪವನ್ನು ಕಿರಿಕಿರಿಯೆಂದು ಸುಮ್ಮನಾಗಿಸುವ ಮನಸ್ಸು ಬರುವುದಿಲ್ಲ. ಆದರೆ ಒಂದು ಪ್ಯಾನೆಲ್‌ಗೆ ಎಂಟು ಜನರನ್ನು ನಿಲ್ಲಿಸಿದ್ದರಿಂದ ಹಿಂದಿದ್ದವರಿಗೆ ಕೈಯಾಡಿಸುವ ಸರದಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಅನಿಲದಿಂದ ಬೆಂಕಿ ನಂದಿಸುವ ವ್ಯವಸ್ಥೆಯನ್ನು ಬರೀ ಚಿತ್ರಗಳಲ್ಲಿ ಮುಗಿಸಿದ್ದು ನನಗೆ ನಿಜವಾಗಿಯೂ ಬೇಸರ ತಂದಿತು. ಅನಿಲ ಬಿಡುಗಡೆಗೆ ಮುನ್ನ ಸಿಗುವ ಕೆಲವೇ ಸೆಕೆಂಡುಗಳಲ್ಲಿ ಕೋಣೆಯಿಂದ ಹೊರಬರುವುದನ್ನು ಖಾಲಿ ಸಿಲಿಂಡರ್ ಇಟ್ಟಾದರೂ ಮಾಡಿಸಬೇಕಿತ್ತು. ನೀರಿನ ಹರಿವಿನ ಲೆಕ್ಕಾಚಾರ ಇಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ವಿನ್ಯಾಸಕಾರರಿಗೆ ಇದು ಸಾಲದು. ನಿರ್ವಹಣಾ ಸಿಬ್ಬಂದಿಯನ್ನೂ ರಾತ್ರಿ ಪಾಳಿಯ ಕಾವಲುಗಾರರನ್ನೂ ಮಾತ್ರ ತಪ್ಪದೆ ಕಳುಹಿಸಿ.