ತೋಟದ ನೀರಿನ ಕೆಲಸಕ್ಕೆ ಕಲ್ಲಿದ್ದಲು ಗಣಿಯವರು: ಮಾದಾಪುರ ಕಡೆಯವರಿಗಾಗಿ ಒಂದು ರಿವ್ಯೂ

2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ಮೇಲೆ ಕೊಡಗಿನ ಮಾದಾಪುರ, ಮಕ್ಕಂದೂರು ಕಡೆ ಇಳಿಜಾರಿನಲ್ಲಿ ತೋಟ ಇರುವವರಿಗೆಲ್ಲ ಒಂದೇ ಚಿಂತೆ, ಮೇಲಿನಿಂದ ಬರುವ ನೀರನ್ನು ಎಲ್ಲಿಗೆ ಬಿಡುವುದು? ಜೆಸಿಬಿ ಇರುವವರು ಬೇಕಾದಷ್ಟು ಜನ ಸಿಗುತ್ತಾರೆ. ನೀರಿನ ದಾರಿ ಗೊತ್ತಿರುವವರು ಸಿಗುವುದಿಲ್ಲ. ನಾವು ಕೆಲಸ ಕೊಟ್ಟದ್ದು ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲು ಗಣಿಗಳಲ್ಲಿ, ಅದೂ ಭೂಮಿಯೊಳಗಿನ ಗಣಿಗಳಲ್ಲಿ, ಸರ್ವೆ ಕೆಲಸ ಮಾಡಿ ರಿಟೈರ್ ಆಗಿ ಊರಿಗೆ ಬಂದಿರುವ ಒಬ್ಬರಿಗೆ. ಚರಂಡಿ, ಹೂಳು ಗುಂಡಿ, ತೋಡಿನ (ಸಣ್ಣ ಹಳ್ಳದ) ಮೋರಿ, ಇಷ್ಟನ್ನೇ ಮಾಡುತ್ತಾರೆ. ಒಂದು ಮಳೆಗಾಲ ಪೂರ್ತಿ ನೋಡಿಯೇ ಬರೆಯುತ್ತಿದ್ದೇನೆ, ಧೈರ್ಯವಾಗಿ ಕರೆಸಿ.

ಗಣಿಗೂ ಕಾಫಿ ತೋಟಕ್ಕೂ ಏನು ಸಂಬಂಧ ಅಂತ ನಮ್ಮ ಮನೆಯಲ್ಲೇ ಕೇಳಿದರು. ಸಂಬಂಧ ಇದೆ, ಗಣಿಯವರಿಗೂ ಹೊರಗಿನಿಂದ ನುಗ್ಗುವ ನೀರಿನದೇ ಭಯ. 1995ರ ಸೆಪ್ಟೆಂಬರ್‌ನಲ್ಲಿ ಧನಬಾದ್ ಕಡೆ ಕತ್ರಿ ಹೊಳೆ ಉಕ್ಕಿ ಗಸ್ಲೀಟಾಂಡ್ ಗಣಿಯೊಳಗೆ ನುಗ್ಗಿ 64 ಜನ ಸತ್ತರು. ಗಣಿಯ ಬಾಯಿ ಆ ಜಾಗದ ಅತಿ ಹೆಚ್ಚಿನ ನೆರೆ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು ಅಂತ ಕಾನೂನೇ ಇದೆ. ಹಾಗಾಗಿ ಅವರು ಬಂದವರೇ ಮೊದಲು ಕೇಳಿದ್ದು ತೋಡು ಎಲ್ಲಿಯವರೆಗೆ ಉಕ್ಕಿತ್ತು ಎಂದು. ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಯ) ಹಳಬರನ್ನು ಕರೆದು ವಿಚಾರಿಸಿದರು, ನಮ್ಮ ಮಳೆ ಪುಸ್ತಕ ತರಿಸಿಕೊಂಡು ಯಾವ ದಿನ ಎಷ್ಟು ಇಂಚು ಅಂತ ಕೂತು ಓದಿದರು, ಆಮೇಲೆ ತೋಡಿನ ಪಕ್ಕದ ಹಲಸಿನ ಬುಡಕ್ಕೆ ಬಣ್ಣದ ಗೆರೆ ಎಳೆದರು. ಮೋರಿಯ ಎತ್ತರ, ಪಂಪ್ ಮನೆಯ ಜಾಗ ಎಲ್ಲ ಆ ಗೆರೆ ನೋಡಿಯೇ ತೀರ್ಮಾನ ಆಯಿತು.

ಅವರ ಕೆಲಸದ ಜೀವಾಳ ಒಂದೇ. ಮೇಲಿನ ಕಾಡಿನಿಂದ ಬರುವ ತಿಳಿ ನೀರು ತೋಟದ ಕೆಸರು ನೀರಿಗೆ ಸೇರಬಾರದು. ಎರಡಕ್ಕೂ ಬೇರೆ ಬೇರೆ ದಾರಿ. ಗಣಿಯಲ್ಲೂ ಹೀಗೆಯೇ, ಹೊರಗಿನ ಮಳೆ ನೀರನ್ನು ಸುತ್ತ ಚರಂಡಿ ಹೊಡೆದು ಅಲ್ಲೇ ತಿರುಗಿಸಿಬಿಡುತ್ತಾರೆ, ಒಳಗೆ ಬಂದರೆ ಪಂಪ್ ಮಾಡಿ ಮೇಲೆ ತರಬೇಕಲ್ಲ. ನಮ್ಮಲ್ಲಿ ತೋಟದ ತಲೆಗೆ ಒಂದು ಅಡ್ಡ ಚರಂಡಿ ಬಂತು. ನೂರು ಅಡಿಗೆ ಒಂದು ಅಡಿಯಷ್ಟೇ ಇಳಿಜಾರು, ಜಾಸ್ತಿ ಕೊಟ್ಟರೆ ಚರಂಡಿಯ ತಳವನ್ನೇ ನೀರು ಕೊರೆಯುತ್ತದೆ. ಇದನ್ನು ಅವರು ಕಣ್ಣಂದಾಜಿನಲ್ಲಿ ಮಾಡಲಿಲ್ಲ. ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ಗೂಟ ಗೂಟಕ್ಕೂ ಚೆಕ್ ಮಾಡಿದರು. ಕಡಿದಾದ ಕಡೆ ಗಿಡಗಳ ಸಾಲಿನ ಮಧ್ಯೆ ಮಳೆ ನೀರು ಇಂಗಿಸಲು ತೋಡಿದ್ದ ತೊಟ್ಟಿಲು ಗುಂಡಿಗಳನ್ನು ಮುಚ್ಚಿಸಿದರು. ಅಲ್ಲಿ ನೀರು ನಿಂತರೆ ಬರೆಯೊಳಗೆ (ಕಡಿದಾದ ಮಣ್ಣಿನ ದಿಬ್ಬದೊಳಗೆ) ಇಳಿಯುತ್ತದೆ, ಬರೆ ಕುಸಿಯುವುದೇ ಹಾಗೆ.

ಹೂಳು ಗುಂಡಿ ನನಗೆ ಬಹಳ ಹಿಡಿಸಿತು. ಒಂದರ ಬದಲು ಪಕ್ಕಪಕ್ಕ ಎರಡು, ಮಧ್ಯೆ ಹಲಗೆಯ ಬಾಗಿಲು. ಒಂದರಲ್ಲಿ ನೀರು ಹೋಗುತ್ತಿರುವಾಗ ಇನ್ನೊಂದರ ಹೂಳು ತೆಗೆಯಬಹುದು. ಗಣಿಯ ನೀರು ಸೇರುವ ಸಂಪಿನಲ್ಲೂ ಹೀಗೆ ಎರಡು ಭಾಗ ಮಾಡುತ್ತಾರಂತೆ. ಆಳಕ್ಕಿಂತ ಉದ್ದ ಮುಖ್ಯ ಅಂದರು. ಯಾಕೆಂದರೆ ಸಣ್ಣ ಮರಳು ಒಂದು ಮೀಟರ್ ಕೆಳಗೆ ಇಳಿಯಲು ಒಂದೆರಡು ನಿಮಿಷ ಸಾಕು, ತೀರಾ ನುಣುಪು ಜೇಡಿಗೆ ದಿನಗಟ್ಟಲೆ ಬೇಕು. ನೀರು ನಿಧಾನ ಆದಷ್ಟೂ ಒಳ್ಳೆಯದು. ಹಾಗಂತ ಗುಂಡಿ ದಾಟಿದ ನೀರು ಕನ್ನಡಿಯಂತೆ ಇರುತ್ತದೆ ಅಂದುಕೊಳ್ಳಬೇಡಿ, ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಗೆ ಸ್ವಲ್ಪ ಕೆಂಪು ಇದ್ದೇ ಇತ್ತು, ಆದರೆ ಕೆಳಗಿನ ಗದ್ದೆಗೆ ಮರಳು ಹೋಗುವುದು ನಿಂತಿತು. ತೆಗೆದ ಹೂಳಿನಲ್ಲಿ ತೋಟದ ಮೇಲ್ಮಣ್ಣೇ ಇತ್ತು. ಅದನ್ನು ಮತ್ತೆ ಗಿಡಗಳ ಬುಡಕ್ಕೆ ಹಾಕಿಸಿದೆವು.

ಇನ್ನು ತೋಡಿನ ವಿಷಯ. ಮೊದಲು ಬಂದಿದ್ದ ಒಬ್ಬರು, ತೋಡನ್ನೇ ಆ ಕಡೆ ತಿರುಗಿಸಿಬಿಡೋಣ, ಜಾಗ ಉಳಿಯುತ್ತದೆ ಅಂದಿದ್ದರು. ಇವರು ಖಡಾಖಂಡಿತವಾಗಿ ಒಪ್ಪಲಿಲ್ಲ. "ನೋಡಿ ಸರ್, ಇದರ ಕೆಳಗೆ ನಾಲ್ಕು ಮನೆಯವರು ಗದ್ದೆ ಮಾಡ್ತಾರೆ. ಮೋರಿ ಕಟ್ಟುವಷ್ಟು ದಿನ ಪಕ್ಕಕ್ಕೆ ಹಾಕೋಣ, ಆಮೇಲೆ ಅದರ ದಾರಿ ಅದಕ್ಕೆ ಬಿಡೋಣ," ಅಂದರು. ನೀರು ಕಡಿಮೆ ಇರುವ ಫೆಬ್ರವರಿಯಲ್ಲೇ ಕೆಲಸ ಹಿಡಿದರು. ತಾತ್ಕಾಲಿಕ ಕಾಲುವೆಯನ್ನು ಕೆಳಗಿನ ತುದಿಯಿಂದ ಅಗೆಯುತ್ತಾ ಮೇಲಕ್ಕೆ ಬಂದರು. ನೀರು ಬೀಳುವ ಜಾಗಕ್ಕೆ ದಪ್ಪ ಕಲ್ಲು ಹಾಸಿದ ಮೇಲೆಯೇ ಮೇಲಿನ ಬಾಯಿ ತೆರೆದು, ಹಳೇ ದಾರಿಗೆ ಮರಳು ಚೀಲದ ಕಟ್ಟೆ ಹಾಕಿದರು. ಮೋರಿ ಮುಗಿದಾಗ ಆ ಚೀಲಗಳನ್ನು ಒಂದೊಂದಾಗಿ ತೆಗೆಸಿದರು, ಒಟ್ಟಿಗೆ ತೆಗೆದರೆ ಕೆಳಗೆಲ್ಲ ಕೆಸರು.

ಕೊರತೆಯೂ ಇದೆ. ನಕ್ಷೆ ಬರೆದು ಕೊಡುವುದಿಲ್ಲ, ಎಲ್ಲ ಬಾಯಲ್ಲೇ, ನಾವೇ ಬರೆದಿಟ್ಟುಕೊಳ್ಳಬೇಕು. ಜೆಸಿಬಿ ಬಾಡಿಗೆ ಬೇರೆ, ಅವರ ಫೀಸು ಬೇರೆ, ಇದನ್ನು ಮೊದಲೇ ಕೇಳಿಕೊಳ್ಳಿ. ಕೆಲಸ ನಿಧಾನ. ಗೂಟ ಸರಿ ಇಲ್ಲ ಅಂದರೆ ಅರ್ಧ ದಿನ ಜೆಸಿಬಿ ನಿಲ್ಲಿಸಿಬಿಡುತ್ತಾರೆ, ಮೀಟರ್ ಓಡುತ್ತಿದ್ದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಜುಲೈನ ಜೋರು ಮಳೆಯಲ್ಲಿ ಯಾರೂ ಕರೆಯದೆ ರೈನ್‌ಕೋಟ್ ಹಾಕಿಕೊಂಡು ಬಂದು ಚರಂಡಿ ಉದ್ದಕ್ಕೂ ನಡೆದು, ಎಲೆ ಕಟ್ಟಿಕೊಂಡಿದ್ದ ಒಂದು ತಿರುವನ್ನು ತಾವೇ ಬಿಡಿಸಿ ಹೋದರು. ದುಡ್ಡು ಕೇಳಲಿಲ್ಲ.

ಕರೆಸುವವರು ಅರೇಬಿಕಾ ಕಾಫಿ ಕೊಯ್ಲು ಶುರುವಾಗುವಾಗಲೇ, ಅಂದರೆ ವರ್ಷದ ಕೊನೆಗೇ, ಹೇಳಿಡಿ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ಅವರು ಒಪ್ಪುವುದಿಲ್ಲ, ಹಸಿ ಮಣ್ಣಿನ ಚರಂಡಿ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ ಎಂದು ವಾಪಸ್ ಕಳಿಸುತ್ತಾರೆ.