ಕಾಪರ್-ಟಿಯೋ, ಅಂತರಾ ಸೂಜಿಯೋ?

ಹೆರಿಗೆ ವಾರ್ಡಿನಲ್ಲಿ ಪಿಜಿ ಮಾಡುತ್ತಿರುವ ನನ್ನನ್ನು ಬಾಣಂತಿಯರು ಹೆಚ್ಚಾಗಿ ಕೇಳುವುದು ಇದನ್ನೇ. ಎರಡೂ ಸದ್ಯಕ್ಕೆ ಗರ್ಭ ನಿಲ್ಲದಂತೆ ತಡೆಯುವ ತಾತ್ಕಾಲಿಕ ವಿಧಾನಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕಾಪರ್-ಟಿ 380ಎ ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ, ಒಮ್ಮೆ ಹಾಕಿಸಿಕೊಂಡರೆ 10 ವರ್ಷ ಕೆಲಸ ಮಾಡುತ್ತದೆ. ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಂಡು ಮನೆಗೆ ಹೋಗಬಹುದು. ತೆಗೆಸಿದರೆ ಬೇಗ ಗರ್ಭ ನಿಲ್ಲುತ್ತದೆ. ಆದರೆ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಜಾಸ್ತಿ. ಮೊದಲೇ ರಕ್ತ ಕಡಿಮೆ ಇದ್ದವರಿಗೆ ನಾನು ಸ್ವಲ್ಪ ಯೋಚಿಸಿ ಹೇಳುತ್ತೇನೆ. ಕಾಪರ್-ಟಿ ಎದೆಗೆ ಏರುತ್ತದೆ ಅನ್ನುವುದೆಲ್ಲ ಸುಮ್ನೆ ಮಾತು.

ಅಂತರಾ 3 ತಿಂಗಳಿಗೊಂದು ಸೂಜಿ. ಹಾಲುಣಿಸುವವರು ಹೆರಿಗೆಯಾಗಿ 6 ವಾರದ ಮೇಲೆ ಶುರು ಮಾಡಬಹುದು. ಮುಟ್ಟು ಏರುಪೇರಾಗುತ್ತದೆ, ಎಷ್ಟೋ ಸಲ ನಿಂತೇ ಹೋಗುತ್ತದೆ. “ಕೆಟ್ಟ ರಕ್ತ ಒಳಗೇ ಉಳೀತಲ್ಲ ಮೇಡಂ” ಅಂತ ಹೆದರುತ್ತಾರೆ. ಉಳಿಯಲು ಅಲ್ಲಿ ಏನೂ ಇರುವುದಿಲ್ಲ. ಗರ್ಭಕೋಶದ ಒಳಪದರ ತೆಳುವಾಗಿರುತ್ತದೆ, ಅಷ್ಟೇ. ಬಿಟ್ಟ ಮೇಲೆ ಗರ್ಭ ನಿಲ್ಲಲು ಮಾತ್ರ ಕೊನೆಯ ಸೂಜಿಯಿಂದ 7ರಿಂದ 10 ತಿಂಗಳು ಹಿಡಿಯಬಹುದು.

ಅತ್ತೆಗೆ ಗೊತ್ತಾಗಬಾರದು ಎನ್ನುವವರು ಸೂಜಿಯನ್ನೇ ಕೇಳುತ್ತಾರೆ. ಕೂಲಿಗೆ ಊರೂರು ತಿರುಗುವವರಿಗೆ 3 ತಿಂಗಳಿಗೊಮ್ಮೆ ಬರಲು ಎಲ್ಲಿ ಆಗುತ್ತದೆ, ಅಲ್ವಾ? ಅವರಿಗೆ ಕಾಪರ್-ಟಿಯೇ ಲೇಸು.